ಪದ ಗೊತ್ತು, ಅರ್ಥ ಗೊತ್ತಿಲ್ಲ ಅನ್ನಬೇಡಿ: ಇಂಗ್ಲಿಷ್ ಇಡಿಯಮ್ ಗೆಲ್ಲಲು 8 ಸೂತ್ರಗಳು

ಹೇಮಾವತಿ ನದಿ ಹುಟ್ಟುವ ಮೂಡಿಗೆರೆ ಕಡೆಯ ಜಾವಳಿಯಿಂದ ಹೊರಟು ಬೆಂಗಳೂರಿನ ಕಂಪನಿಯಲ್ಲಿ ಕೆಲಸ ಹಿಡಿಯುವ ಗುರಿ ಇದೆಯಾ? ಬ್ಯಾಂಕ್ ಪರೀಕ್ಷೆಗೋ ಎಸ್‌ಎಸ್‌ಸಿ ಸಿಜಿಎಲ್‌ಗೋ ತಯಾರಾಗುತ್ತಿದ್ದೀರಾ? ಗ್ರಾಮರ್ ಒಂದೇ ಸಾಲದು. ಸಿಜಿಎಲ್‌ನ ಇಂಗ್ಲಿಷ್ ವಿಭಾಗದಲ್ಲಿ ಇಡಿಯಮ್ ಮೇಲೆ ನೇರ ಪ್ರಶ್ನೆ ಬರುತ್ತದೆ. ಕೆಲಸ ಸಿಕ್ಕ ಮೇಲೆ ಮ್ಯಾನೇಜರ್ ಬಾಯಲ್ಲಿ, ಮೇಲ್‌ನಲ್ಲಿ ದಿನವೂ ಬರುತ್ತದೆ. ಇವತ್ತೇ ಶುರು ಮಾಡಿ.

1. ಪದ ಬಿಡಿಸಬೇಡಿ, ಇಡಿಯಾಗಿ ಹಿಡಿಯಿರಿ.
'ಸ್ಪಿಲ್ ದ ಬೀನ್ಸ್' ಅಂದರೆ ಕಣದಲ್ಲಿ ಕಾಫಿ ಬೀಜ ಚೆಲ್ಲಿದ್ದಲ್ಲ. ಗುಟ್ಟು ರಟ್ಟು ಮಾಡಿದ್ದು. 'ಕಾಲ್ ಇಟ್ ಎ ಡೇ' ಅಂದರೆ ಇವತ್ತಿಗೆ ಕೆಲಸ ಸಾಕು. 'ಬೈಟ್ ದ ಬುಲೆಟ್' ಅಂದರೆ ತಪ್ಪಿಸಿಕೊಳ್ಳಲಾಗದ ಕಷ್ಟವನ್ನು ಹಲ್ಲು ಕಚ್ಚಿ ಎದುರಿಸುವುದು. ಒಂದೊಂದು ಪದದ ಅರ್ಥ ಕೂಡಿಸಿದರೆ ಇಲ್ಲಿ ಉತ್ತರ ಬರುವುದಿಲ್ಲ.

2. 'ನಂದು ಕನ್ನಡ ಮೀಡಿಯಂ' ಅನ್ನುವ ಚಾಳಿ ಬಿಡಿ.
ಈ ವಿದ್ಯೆ ನಿಮಗೆ ಆಗಲೇ ಬರುತ್ತದೆ. ಎಸ್ಟೇಟಿನ ರೈಟರ್ ಕಥೆ ಬರೆಯುವವರಲ್ಲ, ಹಾಜರಿ, ಲೆಕ್ಕ ಬರೆಯುವವರು. ಲೈನ್ ಅಂದರೆ ಗೆರೆಯಲ್ಲ, ಕೂಲಿಯವರ ಮನೆಸಾಲು. ಇದನ್ನು ನಿಮಗೆ ಯಾವ ಮೇಷ್ಟರೂ ಪಾಠ ಮಾಡಲಿಲ್ಲ. ತೋಟದಲ್ಲಿ ಯಾರು ಯಾವಾಗ ಹೇಗೆ ಆಡುತ್ತಾರೆ ಅಂತ ಕೇಳಿ ಕಲಿತಿರಿ. ಆ ಕಿವಿಯನ್ನೇ ಈಗ ಇಂಗ್ಲಿಷಿಗೆ ಕೊಡಿ.

3. ಕನ್ನಡದ ಜೋಡಿ ಹುಡುಕಿ. ಮೋಸದ ಜೋಡಿಯನ್ನು ಕೆಂಪು ಇಂಕಿನಲ್ಲಿ ಬರೆಯಿರಿ.
ಕೆಲವು ಸಲೀಸಾಗಿ ಸಿಗುತ್ತವೆ. 'ಕ್ರೊಕಡೈಲ್ ಟಿಯರ್ಸ್' ನಮ್ಮ ಮೊಸಳೆ ಕಣ್ಣೀರು. 'ಪೋಕ್ ಯುವರ್ ನೋಸ್' ಅಂದರೆ ಮೂಗು ತೂರಿಸುವುದು. ಇವಕ್ಕೆ ಸಮಯ ಹಾಳು ಮಾಡಬೇಡಿ. ಎಚ್ಚರ ಬೇಕಿರುವುದು ಬೇರೆ ಕಡೆ. ನಮ್ಮಲ್ಲಿ 'ಅವನು ಕೈ ಕೊಟ್ಟ' ಅಂದರೆ ನಂಬಿಸಿ ನಡುನೀರಲ್ಲಿ ಬಿಟ್ಟ. ಇಂಗ್ಲಿಷಿನ 'ಗಿವ್ ಎ ಹ್ಯಾಂಡ್' ಅಂದರೆ ನೆರವಾಗು, ಇಲ್ಲವೇ ಚಪ್ಪಾಳೆ ತಟ್ಟು. ಪೂರ್ತಿ ಉಲ್ಟಾ! ನಾವು ಕಾಲೆಳೆಯುವುದು ತಮಾಷೆಗೂ ಹೌದು, ಮೇಲೆ ಬರುವವನನ್ನು ಕೆಳಗೆ ಕೆಡವಲಿಕ್ಕೂ ಹೌದು. ಇಂಗ್ಲಿಷಿನ 'ಪುಲ್ಲಿಂಗ್ ಯುವರ್ ಲೆಗ್'ನಲ್ಲಿ ಇರುವುದು ತಮಾಷೆ ಮಾತ್ರ. ಟೀಮ್ ಲೀಡ್ ಹಾಗೆ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಕ್ಕುಬಿಡಿ.

4. ಕ್ರಿಕೆಟ್ ಜ್ಞಾನವನ್ನು ಕೆಲಸಕ್ಕೆ ಹಚ್ಚಿ, ಬೇಸ್‌ಬಾಲ್ ಹೊಸದಾಗಿ ಕಲಿಯಿರಿ.
'ಆನ್ ದ ಬ್ಯಾಕ್ ಫುಟ್' ಅಂದರೆ ರಕ್ಷಣೆಗೆ ಇಳಿದ ಸ್ಥಿತಿ. 'ಸ್ಟಿಕಿ ವಿಕೆಟ್' ಅಂದರೆ ಪೇಚಿನ ಪರಿಸ್ಥಿತಿ. ಮಳೆಯಲ್ಲಿ ನೆನೆದು ಒಣಗುತ್ತಿರುವ ಪಿಚ್‌ನಲ್ಲಿ ಬಾಲ್ ಎತ್ತ ಏಳುತ್ತದೋ ಹೇಳಲಾಗದು, ಅದರಿಂದ ಬಂದ ಮಾತು. ನಿಮಗಿದು ಕ್ಷಣದಲ್ಲಿ ಹೊಳೆಯುತ್ತದೆ. ಅಮೆರಿಕದ ಕ್ಲೈಂಟ್ ಮಾತಾಡುವುದು ಬೇಸ್‌ಬಾಲ್ ಭಾಷೆ. 'ಬಾಲ್‌ಪಾರ್ಕ್ ಫಿಗರ್' ಕೇಳಿದರೆ ಪೈಸೆ ಲೆಕ್ಕ ಕೊಡಬೇಡಿ, ಅಂದಾಜು ಹೇಳಿ. 'ಟಚ್ ಬೇಸ್' ಅಂದರೆ ಒಮ್ಮೆ ಮಾತಾಡೋಣ. 'ಕರ್ವ್‌ಬಾಲ್' ಅಂದರೆ ನಿರೀಕ್ಷಿಸದೆ ಎದುರಾದ ತೊಡಕು. ಐಟಿ, ಬಿಪಿಒ ಕಡೆ ಹೋಗುವವರು ಈ ಮೂರನ್ನು ಬಿಡಲೇಬಾರದು.

5. ಅರ್ಥ ನೋಡಿ ನಿಲ್ಲಬೇಡಿ, ಉದಾಹರಣೆ ಓದಿ.
ಆಕ್ಸ್‌ಫರ್ಡ್ ಲರ್ನರ್ಸ್, ಕೇಂಬ್ರಿಡ್ಜ್ ಡಿಕ್ಷನರಿಗಳು ಆನ್‌ಲೈನ್‌ನಲ್ಲಿ ಉಚಿತ. ಇಡಿಯಮ್‌ನ ಮುಖ್ಯ ಪದ ಹುಡುಕಿ. 'ಇನ್‌ಫಾರ್ಮಲ್' ಅಥವಾ 'ಓಲ್ಡ್ ಫ್ಯಾಶನ್ಡ್' ಎಂಬ ಗುರುತು ಇದೆಯೇ ನೋಡಿ. ಎಲ್ಲಿ ಬಳಸಬಾರದು ಎಂಬುದು ಅಲ್ಲೇ ತಿಳಿಯುತ್ತದೆ.

6. ತೇಜಸ್ವಿಯವರನ್ನು ಗುರು ಮಾಡಿಕೊಳ್ಳಿ.
ನಾನು ಅತಿ ಹೆಚ್ಚು ನಂಬುವ ಸೂತ್ರ ಇದು. ಪೂರ್ಣಚಂದ್ರ ತೇಜಸ್ವಿ ನಿಮ್ಮದೇ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು ಬರೆದವರು. ಕೆನೆತ್ ಆಂಡರ್ಸನ್‌ರ ಬೇಟೆ ಕಥೆಗಳನ್ನು 'ಕಾಡಿನ ಕಥೆಗಳು' ಮಾಲೆಯಲ್ಲಿ ಕನ್ನಡಕ್ಕೆ ತಂದರು. ಅದು ಪದಕ್ಕೆ ಪದ ಇಟ್ಟ ಅನುವಾದವಲ್ಲ, ಭಾವಾನುವಾದ. ಆಂಡರ್ಸನ್‌ರ ಇಂಗ್ಲಿಷ್ ಪುಸ್ತಕ ಪಕ್ಕಕ್ಕಿಟ್ಟುಕೊಳ್ಳಿ. ದಿನಕ್ಕೆ ಒಂದು ಪುಟ ಸಾಕು. ಇಂಗ್ಲಿಷ್ ಮಾತು ಎಲ್ಲಿ ಕನ್ನಡದಲ್ಲಿ ಬೇರೆಯದೇ ರೂಪ ತಾಳಿದೆ ಎಂದು ಗುರುತು ಹಾಕಿ. ಕಥೆ ಓದಿಸಿಕೊಂಡು ಹೋಗುವುದರಿಂದ ಬಾಯಿಪಾಠದ ಬೇಸರವೂ ಇಲ್ಲ.

7. ಮೂಲದ ಕಥೆಗಳಿಗೆ ಮರುಳಾಗಬೇಡಿ.
'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಬಗ್ಗೆ ಹುಲ್ಲಿನ ಸೂರಿನಿಂದ ನಾಯಿ, ಬೆಕ್ಕು ಜಾರಿ ಬಿದ್ದವು ಎಂಬ ಕಥೆ ಮೊಬೈಲಿನಲ್ಲಿ ಓಡಾಡುತ್ತದೆ. ಅದು ಕಟ್ಟುಕತೆ. ಈ ಮಾತಿನ ಮೂಲ ವಿದ್ವಾಂಸರಿಗೂ ಖಚಿತವಿಲ್ಲ. ಅಷ್ಟೇ ಅಲ್ಲ, ಬಳಸಿ ಬಳಸಿ ಸವೆದ ಮಾತು ಅದು. ಆಷಾಢದ ಜಾವಳಿ ಮಳೆಗೂ 'ಇಟ್ಸ್ ಪೋರಿಂಗ್' ಸಾಕು.

8. ಮೊದಲು ಅರ್ಥ, ಆಮೇಲೆ ಬಳಕೆ.
ಹತ್ತು ಅರ್ಥವಾದರೆ ಒಂದು ಬಳಸಿ. ಇಂಟರ್‌ವ್ಯೂನಲ್ಲಿ ಸಾಲುಸಾಲಾಗಿ ಸುರಿದರೆ ಬಾಯಿಪಾಠ ಎಂದು ಗೊತ್ತಾಗುತ್ತದೆ. ಬಳಸಿದಾಗ ಒಂದು ಪದವನ್ನೂ ಬದಲಿಸಬೇಡಿ. ಬದಲಿಸಿದರೆ ಇಡಿಯಮ್ ಅಲ್ಲೇ ಸತ್ತಿತು. ಸಂದರ್ಭವನ್ನೂ ತೂಗಿ. 'ಕಿಕ್ ದ ಬಕೆಟ್' ಎಂದರೆ ಸಾಯುವುದು ನಿಜ, ಆದರೆ ಅದು ಹಗುರವಾದ ಮಾತು. ಸಹೋದ್ಯೋಗಿಯ ತಂದೆ ತೀರಿಕೊಂಡಾಗ ಹಾಗೆ ಬರೆದರೆ ಅವಮಾನ. ಅಲ್ಲಿ 'ಪಾಸ್ಡ್ ಅವೇ' ಎಂದೇ ಬರೆಯಿರಿ.

ಈ ವಾರಕ್ಕೆ ಆಫೀಸಿನ ಮೂರು ಇಡಿಯಮ್ ತೆಗೆದುಕೊಳ್ಳಿ. 'ಕೀಪ್ ಮಿ ಇನ್ ದ ಲೂಪ್': ಆಗುಹೋಗು ನನಗೂ ತಿಳಿಸುತ್ತಿರಿ. 'ಆನ್ ದ ಸೇಮ್ ಪೇಜ್': ಇಬ್ಬರ ತಿಳಿವಳಿಕೆಯೂ ಒಂದೇ. 'ಲೋ ಹ್ಯಾಂಗಿಂಗ್ ಫ್ರೂಟ್': ಕಡಿಮೆ ಶ್ರಮಕ್ಕೆ ಮೊದಲು ಸಿಗುವ ಫಲ. ಪ್ರತಿಯೊಂದಕ್ಕೂ ನಿಮ್ಮ ಕಾಲೇಜು, ನಿಮ್ಮ ಕೆಲಸದ ಬಗ್ಗೆಯೇ ಒಂದೊಂದು ವಾಕ್ಯ ಬರೆಯಿರಿ. ಮೂಡಿಗೆರೆ ಬಸ್ಸಿನಲ್ಲಿ ಪಕ್ಕ ಕೂತ ಗೆಳೆಯನಿಗೆ ಓದಿ ಹೇಳಿ, ಅರ್ಥ ಅವನ ಬಾಯಿಂದಲೇ ಬರಲಿ.