ದಾರಿ ಬಿಟ್ಟೆ, ಗುರಿ ಬಿಡಲಿಲ್ಲ



*ಇಂದಿನ ಧಮ್ಮ ಚಿಂತನೆ: ಸಮ್ಮಾ ದಿಟ್ಠಿ*



ಐಎಎಸ್ ಆಗಬೇಕೆಂದು ಕಲಬುರಗಿಯಿಂದ ಬೆಂಗಳೂರಿನ ವಿಜಯನಗರಕ್ಕೆ ಬಂದವನು ನಾನು. ಐದು ಸಲ ಪರೀಕ್ಷೆ ಬರೆದೆ. ಎರಡು ಸಲ ಮುಖ್ಯ ಪರೀಕ್ಷೆಯವರೆಗೆ ಹೋದೆ, ಸಂದರ್ಶನದ ಕರೆ ಬರಲಿಲ್ಲ. ಪರಿಶಿಷ್ಟರಿಗೆ 37 ವರ್ಷದವರೆಗೆ ಎಷ್ಟು ಸಲವಾದರೂ ಬರೆಯುವ ಅವಕಾಶವಿದೆ. ಹೋರಾಟದಿಂದ ದಕ್ಕಿದ ಹಕ್ಕು ಅದು. ನಾನು ಮಾತ್ರ ಅದನ್ನು 'ಇನ್ನೊಂದು ಸಲ' ಎಂಬ ನೆಪ ಮಾಡಿಕೊಂಡೆ.

31ನೇ ವಯಸ್ಸಿನಲ್ಲಿ ಒಂದು ರಾತ್ರಿ ಐದೂ ಸಲದ ಅಂಕಗಳನ್ನು ಸಾಲಾಗಿ ಬರೆದೆ. 'ಹತ್ತಿರ ಬಂದಿದ್ದೇನೆ' ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅಂಕಗಳು ಮೂರನೆಯ ಸಲದಿಂದ ಇಳಿಯುತ್ತಲೇ ಇದ್ದವು. ಇದ್ದದ್ದನ್ನು ಇದ್ದಂತೆ ನೋಡುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು.

ಸಿದ್ಧಾರ್ಥ ಗೌತಮರು ಆರು ವರ್ಷ ದೇಹ ದಂಡಿಸಿದರು. ಅದರಿಂದ ಬೆಳಕು ಸಿಗದೆಂದು ಕಂಡಾಗ ಸುಜಾತೆ ಕೊಟ್ಟ ಪಾಯಸ ಉಂಡರು. ಜೊತೆಗಿದ್ದ ಐವರು, ಇವರು ಸೋತರೆಂದು ಬಿಟ್ಟುಹೋದರು. ಗೌತಮರು ಬಿಟ್ಟದ್ದು ದಾರಿಯನ್ನು, ಗುರಿಯನ್ನಲ್ಲ. ಮುಂದೆ ಸಾರನಾಥದಲ್ಲಿ ಮೊದಲ ಉಪದೇಶ ಕೇಳಿದವರು ಅದೇ ಐವರು.

ಕೇರಿಗೆಲ್ಲ "ನನ್ನ ಮಗ ಸಾಹೇಬ ಆಗ್ತಾನ" ಎಂದಿದ್ದ ಅವ್ವನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಎಲ್ಲಿ ಕುಂತ್ರೂ ನಮ್ಮ ಮಂದಿನ್ನ ಮರೀಬ್ಯಾಡ" ಎಂದಳು.

ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದೆ. ಅದನ್ನೇ ಹಿಡಿದು ಪೈಥಾನ್, ಎಸ್‌ಕ್ಯೂಎಲ್ ಕಲಿತೆ. ಒಂದೂವರೆ ವರ್ಷಕ್ಕೆ ಡೇಟಾ ಸೈನ್ಸ್ ಕೆಲಸ ಸಿಕ್ಕಿತು. ಹೇಳಿಕೊಟ್ಟವರು ನನಗಿಂತ ಎಂಟು ವರ್ಷ ಚಿಕ್ಕವರು. ಮೊದಲ ಪಾಠ: ಮಾಹಿತಿ ಇಲ್ಲದ ಕಡೆ ನಮಗೆ ಬೇಕಾದ ಸಂಖ್ಯೆ ತುಂಬಬಾರದು. ಬದುಕಿನಲ್ಲಿ ಅದನ್ನೇ ಮಾಡುತ್ತ ಬಂದಿದ್ದೆನಲ್ಲ!

ಒಮ್ಮೆ, ಸಾಲ ಯಾರು ತೀರಿಸಬಲ್ಲರೆಂದು ಅಂದಾಜಿಸುವ ಲೆಕ್ಕದಲ್ಲಿ ಪಿನ್‌ಕೋಡ್ ಇತ್ತು. ಜಾತಿಯ ಕಾಲಂ ಇಲ್ಲದಿದ್ದರೂ ವಾಸದ ಜಾಗವೇ ಜಾತಿಯ ಗುರುತಾಗಬಹುದು. ದುಡಿದು ಸಾಲ ತೀರಿಸುವವರೂ ಹಿಂದೆ ಬೀಳಬಹುದು. "ಇದು ಯಾಕೆ ಬೇಕು?" ಎಂದು ಕೇಳಿದೆ. ಆ ಕೋಣೆಯಲ್ಲಿ ಬೇರೆ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಅವ್ವನ ಮಾತು ನೆನಪಾಯಿತು.

ಫಲಿತಾಂಶದ ದಿನ ಈಗಲೂ ಎದೆ ಭಾರವಾಗುತ್ತದೆ. ಆ ಭಾರವನ್ನೂ ಇದ್ದಂತೆ ನೋಡುತ್ತೇನೆ.

ಇನ್ನೂ ಓದುತ್ತಿರುವ ತಮ್ಮ ತಂಗಿಯರೇ, ಬಿಟ್ಟುಬಿಡಿ ಎನ್ನುತ್ತಿಲ್ಲ. ನಿಮ್ಮ ಅಂಕಗಳನ್ನು ಒಮ್ಮೆ ನೇರವಾಗಿ ನೋಡಿ.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಉಸಿರನ್ನು ಗಮನಿಸಿ ಕುಳಿತುಕೊಳ್ಳಿ. ನಂತರ ಹಾಳೆಯ ಎಡಕ್ಕೆ ನಿಮ್ಮ ಗುರಿ, ಬಲಕ್ಕೆ ಈಗ ಹಿಡಿದಿರುವ ದಾರಿ ಬರೆಯಿರಿ. ಎರಡೂ ಒಂದೇ ಎಂದುಕೊಂಡಿದ್ದೀರಾ, ನೋಡಿ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್ 🙏