ನಿಲುಗಡೆಯ ದಂಡ: ಕಟ್ಟಬೇಕಾದುದು ಯಾವಾಗ, ಪ್ರಶ್ನಿಸಬೇಕಾದುದು ಯಾವಾಗ

ತ್ರ್ಯಂಬಕೇಶ್ವರ ಮತ್ತು ಘೃಷ್ಣೇಶ್ವರ ಜ್ಯೋತಿರ್ಲಿಂಗಗಳ ದರ್ಶನಕ್ಕೆ ಹಾಗೂ ರಾಷ್ಟ್ರಕೂಟರ ಕೈಲಾಸ ದೇವಾಲಯವಿರುವ ಎಲ್ಲೋರದ ಪ್ರವಾಸಕ್ಕೆ ಕರ್ನಾಟಕದಿಂದ ಸ್ವಂತ ವಾಹನದಲ್ಲಿ ಹೋಗುವವರು ಮಹಾರಾಷ್ಟ್ರದ ನಾಸಿಕ್ ನಗರವನ್ನೋ, 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಛತ್ರಪತಿ ಸಂಭಾಜಿನಗರವನ್ನೋ ಹಾದುಹೋಗಬೇಕಾಗುತ್ತದೆ. ನಾಸಿಕ್‌ನ ರವಿವಾರ ಕಾರಂಜಾ, ಸಂಭಾಜಿನಗರದ ಗುಲ್‌ಮಂಡಿಯಂತಹ ಹಳೆಯ ಪೇಟೆಗಳಲ್ಲಿ ವಾಹನ ನಿಲ್ಲಿಸಲು ಜಾಗ ಸಿಗುವುದೇ ಕಷ್ಟವಾದ್ದರಿಂದ, ಊರಿಗೆ ಮರಳಿದ ಮೇಲೆ ಮೊಬೈಲಿಗೆ ಬರುವ ಇ-ಚಲನ್, ಅಂದರೆ ದಂಡದ ವಿದ್ಯುನ್ಮಾನ ನೋಟಿಸು, ಅನೇಕರಿಗೆ ಹೊಸದಲ್ಲ. ಅದನ್ನು ಕಟ್ಟಬೇಕೇ, ಪ್ರಶ್ನಿಸಬೇಕೇ ಎಂಬುದನ್ನು ದಂಡದ ಮೊತ್ತವೊಂದರಿಂದಲೇ ನಿರ್ಧರಿಸಲಾಗದು. ಅದನ್ನು ವಿಧಿಸಿದವರು ಯಾರು, ಯಾವ ಕಾನೂನಿನಡಿ ಮತ್ತು ಯಾವ ಸಾಕ್ಷ್ಯದ ಮೇಲೆ ವಿಧಿಸಿದರು ಎಂಬ ಮೂರು ಅಂಶಗಳನ್ನು ಮೊದಲು ಪರಿಶೀಲಿಸಬೇಕು.

ಅಧಿಕಾರ ಯಾರದು

ಎರಡೂ ನಗರಗಳಲ್ಲಿ ಮಹಾನಗರ ಪಾಲಿಕೆಗಳಿದ್ದರೂ ನಿಲುಗಡೆಯ ಅಪರಾಧಕ್ಕೆ ಚಲನ್ ನೀಡುವವರು ಸಾಮಾನ್ಯವಾಗಿ ನಗರ ಸಂಚಾರ ಪೊಲೀಸರೇ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 117ರಂತೆ ರಾಜ್ಯ ಸರ್ಕಾರವಾಗಲಿ, ಅದು ಅಧಿಕಾರ ಕೊಟ್ಟ ಪ್ರಾಧಿಕಾರವಾಗಲಿ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ನಿಲುಗಡೆಯ ತಾಣಗಳನ್ನು ಗೊತ್ತುಪಡಿಸಬಹುದು. ಆದರೆ ಕಲಂ 200ರಂತೆ ಅಪರಾಧವನ್ನು ಸ್ಥಳದಲ್ಲೇ ರಾಜಿ ಮಾಡಿ, ಅಂದರೆ ನ್ಯಾಯಾಲಯಕ್ಕೆ ಒಯ್ಯದೆ ನಿಗದಿತ ಮೊತ್ತ ಪಡೆದು, ಮುಗಿಸುವ ಅಧಿಕಾರವಿರುವುದು ರಾಜ್ಯ ಸರ್ಕಾರ ರಾಜ್ಯಪತ್ರದ ಮೂಲಕ ಹೆಸರಿಸಿದ ಅಧಿಕಾರಿಗಳಿಗೆ ಮಾತ್ರ. ಆದ್ದರಿಂದ ಪಾಲಿಕೆಯ ಗುತ್ತಿಗೆದಾರನ ಸಿಬ್ಬಂದಿ ಮಂಜೂರಾದ ನಿಲುಗಡೆ ಶುಲ್ಕವನ್ನು ರಸೀದಿ ಕೊಟ್ಟು ವಸೂಲು ಮಾಡಬಹುದೇ ಹೊರತು, ಈ ಕಾಯ್ದೆಯಡಿಯ ದಂಡವನ್ನು ತಾವಾಗಿ ವಿಧಿಸುವಂತಿಲ್ಲ.

ದಂಡದ ಮಿತಿ ಮತ್ತು ಟೋಯಿಂಗ್

ಅಪಾಯ, ಅಡಚಣೆ ಅಥವಾ ಅನುಚಿತ ತೊಂದರೆಯಾಗುವಂತೆ ವಾಹನ ನಿಲ್ಲಿಸುವುದನ್ನು ಕಲಂ 122 ನಿಷೇಧಿಸುತ್ತದೆ. 2019ರ ತಿದ್ದುಪಡಿಯ ನಂತರ ಕಲಂ 177ರಂತೆ ಮೊದಲ ಅಪರಾಧಕ್ಕೆ 500 ರೂಪಾಯಿವರೆಗೆ, ಮರುಕಳಿಸಿದರೆ 1,500 ರೂಪಾಯಿವರೆಗೆ ದಂಡವಿದೆ. ಹಿಂದಿನ ಅಪರಾಧವೇ ಇಲ್ಲದಿದ್ದಾಗ ಎರಡನೆಯ ದರ ಹಾಕಿದ್ದರೆ ಅದು ಆಕ್ಷೇಪಕ್ಕೆ ನೇರ ಆಧಾರವಾಗುತ್ತದೆ. ನಿಷೇಧಿತ ಸ್ಥಳದಲ್ಲಿರುವ ವಾಹನವನ್ನು ಎಳೆದೊಯ್ಯಲು, ಅಂದರೆ ಟೋಯಿಂಗ್ ಮಾಡಲು, ಅಥವಾ ಅದರ ಚಕ್ರಕ್ಕೆ ಬೀಗ ಹಾಕಲು ಆ ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿಯ ಅನುಮತಿ ಬೇಕೆಂದು ಕಲಂ 127 ಹೇಳುತ್ತದೆ. ಎಳೆದೊಯ್ದ ವೆಚ್ಚವನ್ನು ಮಾಲೀಕನೇ ಭರಿಸಬೇಕಾದರೂ ಅದು ದಂಡದಿಂದ ಬೇರೆಯಾದ ಮೊತ್ತವಾದ್ದರಿಂದ ಎರಡಕ್ಕೂ ಲೆಕ್ಕ ಬಿಡಿಸಿದ ರಸೀದಿಯನ್ನು ಕೇಳಿ ಪಡೆಯುವುದು ಸೂಕ್ತ.

ಪ್ರಶ್ನಿಸಲು ತಕ್ಕ ಆಧಾರಗಳು

ಫಲಕವೇ ಇರಲಿಲ್ಲವೆಂಬ ವಾದ ಎಲ್ಲೆಡೆ ನಿಲ್ಲುವುದಿಲ್ಲ. ಪಾದಚಾರಿ ಮಾರ್ಗ, ರಸ್ತೆ ಕೂಡುವ ಜಾಗ, ದಾಟುಪಟ್ಟಿ ಮೊದಲಾದ ಕಡೆ ನಿಲ್ಲಿಸುವುದನ್ನು 2017ರ ಮೋಟಾರು ವಾಹನ ಚಾಲನಾ ವಿನಿಯಮಗಳೇ ನಿಷೇಧಿಸುವುದರಿಂದ ಅಲ್ಲಿ ಪ್ರತ್ಯೇಕ ಫಲಕ ಬೇಕಿಲ್ಲ. ಇತರೆಡೆ ವಾಹನವು ಯಾರಿಗೂ ಅಡ್ಡಿಯಾಗದಿದ್ದು, ನಿಷೇಧವು ಕೇವಲ ಆ ರಸ್ತೆಗೆ ಹೊರಡಿಸಿದ ಆದೇಶದಿಂದ ಬಂದಿದ್ದರೆ, ಫಲಕದ ಅಭಾವ ಬಲವಾದ ಆಧಾರ. ಚಿತ್ರದಲ್ಲಿರುವುದು ಬೇರೆ ವಾಹನವಾಗಿರುವುದು, ನೋಂದಣಿ ಸಂಖ್ಯೆಯನ್ನು ತಪ್ಪಾಗಿ ಓದಿರುವುದು, ನಮೂದಾದ ವೇಳೆಯಲ್ಲಿ ವಾಹನ ಬೇರೆ ಊರಿನಲ್ಲಿದ್ದುದಕ್ಕೆ ಟೋಲ್ ರಸೀದಿಯಿರುವುದು, ಅನಿರೀಕ್ಷಿತವಾಗಿ ಕೆಟ್ಟುನಿಂತ ವಾಹನವನ್ನು ತೆರವು ಮಾಡಿಸುತ್ತಿದ್ದುದು ಇವೂ ಆಧಾರಗಳೇ. ಮಾರಿದ ವಾಹನದ ನೋಂದಣಿ ಇನ್ನೂ ಹಳೆಯ ಮಾಲೀಕನ ಹೆಸರಿನಲ್ಲೇ ಇದ್ದರೆ ಚಲನ್ ಅವನಿಗೇ ಬರುವುದರಿಂದ, ಮಾರಾಟದ ದಾಖಲೆಗಳನ್ನು ಜೋಡಿಸಿಟ್ಟುಕೊಳ್ಳುವುದು ಅಗತ್ಯ.

ಕ್ಯಾಮೆರಾದಿಂದ ದಾಖಲಾದ ಪ್ರಕರಣಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ ನಿಯಮ 167ಎ ಅನ್ವಯಿಸುತ್ತದೆ; ಅದರ ನಗರಪಟ್ಟಿಯಲ್ಲಿ ಈ ಎರಡೂ ನಗರಗಳಿವೆ. ಆ ನಿಯಮದಂತೆ ನೋಟಿಸು ಅಪರಾಧ ನಡೆದ 15 ದಿನಗಳೊಳಗೆ ಹೊರಡಬೇಕು ಮತ್ತು ಅದರಲ್ಲಿ ಉಲ್ಲಂಘನೆಯನ್ನೂ ನೋಂದಣಿ ಫಲಕವನ್ನೂ ತೋರಿಸುವ ಸ್ಪಷ್ಟ ಚಿತ್ರ, ದಿನಾಂಕ, ವೇಳೆ, ಸ್ಥಳ ಹಾಗೂ ಉಲ್ಲಂಘಿಸಿದ ಕಲಂ ನಮೂದಾಗಿರಬೇಕು.

ಪ್ರಶ್ನಿಸುವ ವಿಧಾನ

ಮೊದಲ ಹೆಜ್ಜೆಯಾಗಿ, ಮೊಬೈಲಿಗೆ ಬಂದ ಕೊಂಡಿಯನ್ನು ಒತ್ತದೆ, ಮಹಾರಾಷ್ಟ್ರ ಸಂಚಾರ ಪೊಲೀಸರ ಇ-ಚಲನ್ ತಾಣವನ್ನೋ ಕೇಂದ್ರದ ಪರಿವಾಹನ ತಾಣವನ್ನೋ ನೇರವಾಗಿ ತೆರೆದು ಚಲನ್ ನಿಜವೇ ಎಂದು ನೋಡಬೇಕು; ನಕಲಿ ಚಲನ್ ಸಂದೇಶಗಳ ಮೂಲಕ ಬ್ಯಾಂಕ್ ಖಾತೆಗೆ ಕನ್ನ ಹಾಕುವ ವಂಚನೆ ವ್ಯಾಪಕವಾಗಿದೆ. ಚಲನ್ ನಿಜವಾಗಿದ್ದು ತಪ್ಪಾಗಿದ್ದರೆ, ನೋಟಿಸಿನ ಗಡುವಿನೊಳಗೆ, ದಂಡ ಕಟ್ಟುವ ಮೊದಲೇ, ರಾಜ್ಯದ ತಾಣದಲ್ಲಿ ಚಿತ್ರ ಮತ್ತು ದಾಖಲೆಗಳೊಡನೆ ದೂರು ದಾಖಲಿಸಬೇಕು. ಕಟ್ಟಿದೊಡನೆ ಅಪರಾಧ ರಾಜಿಯಾಗಿ ಪ್ರಕರಣ ಮುಗಿಯುವುದರಿಂದ ಅನಂತರ ಪ್ರಶ್ನಿಸುವುದು ಬಹಳ ಕಷ್ಟ. ನಿಷೇಧದ ಆದೇಶದ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. ಉತ್ತರಕ್ಕೆ 30 ದಿನಗಳ ಮಿತಿಯಿದೆ.

ದೂರು ತಿರಸ್ಕೃತವಾಗಿ ಪ್ರಕರಣ ವರ್ಚುವಲ್ ಕೋರ್ಟಿಗೆ, ಅಂದರೆ ಖುದ್ದು ಹಾಜರಾತಿ ಬೇಡದ ಆನ್‌ಲೈನ್ ನ್ಯಾಯಾಲಯಕ್ಕೆ, ಹೋದರೆ ಅಲ್ಲಿ ತಪ್ಪೊಪ್ಪಿ ಹಣ ಕಟ್ಟಬಹುದು; ಪ್ರಶ್ನಿಸುವೆನೆಂದರೆ ಅದು ಸ್ಥಳವ್ಯಾಪ್ತಿಯ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ದಂಡ ಮಾತ್ರವೇ ಶಿಕ್ಷೆಯಾದ ಅಪರಾಧಗಳನ್ನು ನ್ಯಾಯಾಲಯ ಆರು ತಿಂಗಳೊಳಗೆ ವಿಚಾರಣೆಗೆ ಎತ್ತಿಕೊಳ್ಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 514 ಹೇಳುತ್ತದೆ. ತಕ್ಕ ಕಾರಣವಿದ್ದರೆ ವಿಳಂಬವನ್ನು ನ್ಯಾಯಾಲಯ ಮನ್ನಿಸಬಹುದಾದ್ದರಿಂದ ಈ ಮಿತಿಯನ್ನೇ ನಂಬಿ ಸುಮ್ಮನಿರುವುದು ಸರಿಯಲ್ಲ. ಬೀದರಿನಿಂದಲೋ ಬೆಳಗಾವಿಯಿಂದಲೋ ನಾಸಿಕ್ ನ್ಯಾಯಾಲಯಕ್ಕೆ ಅಲೆಯುವ ಖರ್ಚು 500 ರೂಪಾಯಿಯನ್ನು ಬಹುಬೇಗ ಮೀರುವುದರಿಂದ, ಹೊರರಾಜ್ಯದವರು ದೂರಿನ ಹಂತದಲ್ಲೇ ಪೂರ್ಣ ಸಾಕ್ಷ್ಯ ಒದಗಿಸುವುದು ವಿವೇಕ. ಲೋಕ ಅದಾಲತ್‌ನಲ್ಲಿ ಇತ್ಯರ್ಥ ಮಾಡಿಕೊಳ್ಳುವ ದಾರಿಯೂ ಇದ್ದು, ಅದರ ತೀರ್ಪಿಗೆ ಮೇಲ್ಮನವಿಯಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಬಹುದು; ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100.

ವಾಹನ ನಿಜವಾಗಿ ತಪ್ಪು ಜಾಗದಲ್ಲಿ ನಿಂತು ಚಿತ್ರವೂ ಸ್ಪಷ್ಟವಾಗಿದ್ದರೆ ದಂಡವನ್ನು ಬೇಗನೆ ಕಟ್ಟಿ ರಸೀದಿಯನ್ನು ಕಾಪಾಡಿಕೊಳ್ಳುವುದೇ ನ್ಯಾಯವೂ ಲಾಭವೂ ಹೌದು. ಅಧಿಕಾರದಲ್ಲೋ ಸಾಕ್ಷ್ಯದಲ್ಲೋ ಮೊತ್ತದಲ್ಲೋ ದೋಷವಿದ್ದರೆ ಗಡುವಿನೊಳಗೆ ಪ್ರಶ್ನಿಸುವುದು ನಾಗರಿಕರ ಹಕ್ಕು. ಕಟ್ಟದೆಯೂ ಪ್ರಶ್ನಿಸದೆಯೂ ನೋಟಿಸನ್ನು ಕಡೆಗಣಿಸುವುದು ಮಾತ್ರ ಯಾವ ಸಂದರ್ಭದಲ್ಲೂ ಹಿತವಲ್ಲ.