ಉಪಗ್ರಹದ ಒಡಲಿನ ಸೂಕ್ಷ್ಮ ಕಂಪನ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗಾಗಿ ನಾನು ಆರಿಸಿಕೊಂಡಿರುವ ವಿಷಯ, ಉಪಗ್ರಹಗಳನ್ನು ಕಾಡುವ ಸೂಕ್ಷ್ಮ ಕಂಪನ ಮತ್ತು ಅದನ್ನು ಅಳೆಯುವ ಬಗೆ.

ಬಾಹ್ಯಾಕಾಶದಲ್ಲಿ ಬಿರುಗಾಳಿಯಿಲ್ಲ, ಹಾದಿಯ ಏರುತಗ್ಗುಗಳಿಲ್ಲ. ಆದರೂ ಉಪಗ್ರಹ ನಡುಗುವುದೇಕೆ? ಕಾರಣವು ಅದರ ಒಡಲಿನಲ್ಲಿಯೇ ಇದೆ. ಉಪಗ್ರಹವನ್ನು ಬೇಕಾದ ದಿಕ್ಕಿಗೆ ಹೊರಳಿಸಲು ಅದರೊಳಗೆ ಪ್ರತಿಕ್ರಿಯಾ ಚಕ್ರಗಳಿರುತ್ತವೆ. ಚಕ್ರದ ವೇಗವನ್ನು ಒಂದು ದಿಕ್ಕಿನಲ್ಲಿ ಹೆಚ್ಚಿಸಿದರೆ ಉಪಗ್ರಹವು ಎದುರು ದಿಕ್ಕಿಗೆ ತಿರುಗುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಎಷ್ಟೇ ನಯವಾಗಿ ನಿರ್ಮಿಸಿದರೂ ಚಕ್ರದ ತೂಕವು ಸುತ್ತಲೂ ಸಂಪೂರ್ಣ ಸಮವಾಗಿರುವುದಿಲ್ಲ. ವೇಗವು ಇಮ್ಮಡಿಯಾದರೆ ಈ ಅಸಮತೋಲನದ ಬಲವು ನಾಲ್ಮಡಿಯಾಗುತ್ತದೆ. ಹಿಟ್ಟಿನ ಗಿರಣಿ ನಡೆಯುವಾಗ ಪಕ್ಕದಲ್ಲಿಟ್ಟ ತಂಬಿಗೆಯ ನೀರು ಕದಲುವಂತೆ, ಉಪಗ್ರಹದ ಕ್ಯಾಮೆರಾ ಕದಲುತ್ತದೆ.

ಇಸ್ರೋ ಸಂಸ್ಥೆಯು 2019ರ ನವೆಂಬರ್ 27ರಂದು ಉಡಾಯಿಸಿದ ಕಾರ್ಟೋಸ್ಯಾಟ್-3, ಸುಮಾರು 509 ಕಿ.ಮೀ. ಎತ್ತರದಿಂದ ನೆಲದ ಮೇಲಿನ 25 ಸೆಂ.ಮೀ. ಅಂತರವನ್ನು ಗುರುತಿಸುವಂತೆ ರಚಿತವಾದುದು. ಚಿತ್ರ ತೆಗೆಯುವ ಕ್ಷಣದಲ್ಲಿ ಕ್ಯಾಮೆರಾ ಒಂದು ಡಿಗ್ರಿಯ 36,000ದ ಒಂದು ಭಾಗದಷ್ಟು ಓಲಿದರೂ ನೋಟವು ನೆಲದ ಮೇಲೆ ಸುಮಾರು 25 ಸೆಂ.ಮೀ. ಸರಿಯುತ್ತದೆ; ಚಿತ್ರ ಮಸುಕಾಗುತ್ತದೆ.

1990ರಲ್ಲಿ ಕಕ್ಷೆ ಸೇರಿದ ಹಬಲ್ ದೂರದರ್ಶಕದ ಸೌರಫಲಕಗಳು ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಸಾಗುವಾಗಲೆಲ್ಲ ಬಾಗಿ ನಡುಗುತ್ತಿದ್ದವು. 1993ರಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ ಫಲಕಗಳನ್ನು ಬದಲಾಯಿಸಿದರು. ಆದರೆ ಇಂತಹ ಭಾಗ್ಯ ಎಲ್ಲ ಉಪಗ್ರಹಗಳಿಗೂ ಇಲ್ಲ. ಹಾರಿಹೋದ ಮೇಲೆ ಬಿಚ್ಚಿ ಸರಿಪಡಿಸುವಂತಿಲ್ಲವಾದ್ದರಿಂದ ನೆಲದ ಮೇಲೆಯೇ ಅಳೆಯಬೇಕು.

ಅಳೆಯುವ ಕ್ರಮ ಹೀಗಿದೆ. ಕಟ್ಟಡದ ನಡುಕ ತಾಗದಂತೆ ಗಾಳಿ ತುಂಬಿದ ಆಸರೆಗಳ ಮೇಲೆ ಭಾರವಾದ ಮೇಜನ್ನು ನಿಲ್ಲಿಸುತ್ತಾರೆ. ಅದರ ಮೇಲೆ, ಒತ್ತಡಕ್ಕೆ ವಿದ್ಯುದಂಶವನ್ನು ಹೊರಸೂಸುವ ಹರಳುಗಳುಳ್ಳ ಬಲಮಾಪಕಗಳನ್ನಿಟ್ಟು ಚಕ್ರವನ್ನು ಕೂರಿಸುತ್ತಾರೆ. ಮೊದಲು ಚಕ್ರವನ್ನು ನಿಲ್ಲಿಸಿ, ಮೇಜಿನಲ್ಲಿಯೇ ಉಳಿದಿರುವ ಕಂಪನವನ್ನು ಬರೆದುಕೊಳ್ಳುತ್ತಾರೆ. ಅನಂತರ ಚಕ್ರವನ್ನು ಬೇರೆ ಬೇರೆ ವೇಗಗಳಲ್ಲಿ ತಿರುಗಿಸಿ, ಮೂರು ದಿಕ್ಕಿನ ಬಲಗಳನ್ನೂ ಮೂರು ಅಕ್ಷಗಳ ಸುತ್ತಲಿನ ತಿರುಚುಬಲಗಳನ್ನೂ ದಾಖಲಿಸುತ್ತಾರೆ. ಚಕ್ರದ ಕಂಪನವು ಉಪಗ್ರಹದ ಚೌಕಟ್ಟಿನ ಸಹಜ ಕಂಪನದೊಡನೆ ಕೂಡಿದರೆ ಅನುರಣನವುಂಟಾಗಿ ನಡುಕ ಬಹಳ ಹೆಚ್ಚುತ್ತದೆ. ಅಂತಹ ವೇಗಗಳನ್ನು ಗುರುತಿಸಿ ವರ್ಜಿಸಬೇಕು. ಇಲ್ಲವೆ ಚಕ್ರದ ಕೆಳಗೆ ಕಂಪನ ಹೀರುವ ಆಸರೆಯನ್ನು ಕೊಡಬೇಕು.

ಇದರ ತಿರುಳನ್ನು ನಮ್ಮ ವಿದ್ಯಾರ್ಥಿಗಳು ಶಾಲೆಯ ಅಂಗಳದಲ್ಲಿಯೇ ಅರಿಯಬಹುದು. ಒಂದು ಕನ್ನಡಿಯಿಂದ ಬಿಸಿಲನ್ನು ಹತ್ತಿರದ ಗೋಡೆಗೂ ಅನಂತರ ದೂರದ ಗೋಡೆಗೂ ಹಾಯಿಸಿರಿ. ಕೈಯ ನಡುಕ ಎರಡು ಸಲವೂ ಅಷ್ಟೇ ಇದ್ದರೂ, ದೂರದ ಗೋಡೆಯ ಮೇಲೆ ಬೆಳಕಿನ ಓಲಾಟ ಎಷ್ಟೋ ಹೆಚ್ಚಾಗಿರುವುದನ್ನು ಅಳತೆಪಟ್ಟಿಯಿಂದಲೇ ಅಳೆದು ನೋಡಬಹುದು.